ಪದಕಗಳ ಪಟ್ಟಿ ಚರಿತ್ರೆಯಲ್ಲ

ಎರಡನೇ ಮಹಾಯುದ್ಧದ ಜರ್ಮನ್ ಸೇನಾನಿಗಳ ಬಗ್ಗೆ ಬರೆಯುವವರಲ್ಲಿ ಒಂದು ವಿಚಿತ್ರ ರೂಢಿ ಬೆಳೆದುಬಂದಿದೆ. ಹುಟ್ಟಿದ ದಿನ, ಬಡ್ತಿಯ ತಾರೀಖು, ಗೆದ್ದ ಕದನ, ಕೊರಳಿಗೇರಿದ ಪದಕ, ಇಷ್ಟನ್ನು ತಪ್ಪಿಲ್ಲದೆ ಜೋಡಿಸಿದರೆ ಸಂಶೋಧನೆ ಮುಗಿಯಿತೆಂದು ಅವರು ಭಾವಿಸುತ್ತಾರೆ. ಆ ಸೇನಾನಿ ಗೆದ್ದ ಊರುಗಳಲ್ಲಿ ಜನ ಏನಾದರು ಎಂದು ಕೇಳಿದರೆ ಮಾತ್ರ ಅದು 'ರಾಜಕೀಯ'ವಾಗಿಬಿಡುತ್ತದೆ. ಬಡ್ತಿಯ ದಿನಾಂಕ ಚರಿತ್ರೆ, ಹೆಣಗಳ ಲೆಕ್ಕ ರಾಜಕೀಯ! ಇದೆಂಥ ನ್ಯಾಯ?

ಎರಿಕ್ ಫಾನ್ ಮಾನ್‌ಸ್ಟೈನ್‌ನ ಉದಾಹರಣೆ ನೋಡೋಣ. 1887ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವನು. 1940ರಲ್ಲಿ ಫ್ರಾನ್ಸನ್ನು ಕೆಲವೇ ವಾರಗಳಲ್ಲಿ ಮಣಿಸಿದ ಯೋಜನೆಯ ಹಿಂದಿನ ಬುದ್ಧಿ ಈತನದು. 1941ರ ಸೆಪ್ಟೆಂಬರಿನಲ್ಲಿ 11ನೇ ಸೇನೆಯ ದಂಡನಾಯಕನಾಗಿ ಕ್ರಿಮಿಯಾಕ್ಕೆ ನುಗ್ಗಿದ. 1942ರ ಜುಲೈಯಲ್ಲಿ ಸೆವಾಸ್ಟೊಪೋಲ್ ಬಿದ್ದಾಗ ಫೀಲ್ಡ್ ಮಾರ್ಷಲ್ ಆದ. 1944ರ ಮಾರ್ಚ್‌ನಲ್ಲಿ ಹಿಟ್ಲರ್ ಈತನನ್ನು ಹುದ್ದೆಯಿಂದ ಇಳಿಸಿದ. 1955ರಲ್ಲಿ ಆತ್ಮಕಥೆ ಬರೆದು, ಸೋಲಿನ ಹೊಣೆಯನ್ನೆಲ್ಲ ಸತ್ತ ಹಿಟ್ಲರನ ತಲೆಗೆ ಕಟ್ಟಿದ. ಬ್ರಿಟನ್ನಿನ ಪ್ರಸಿದ್ಧ ಯುದ್ಧ ಲೇಖಕ ಲಿಡೆಲ್ ಹಾರ್ಟ್ ಅದರ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದು ಹೊಗಳಿದ. 'ಅಪ್ರತಿಮ ಸೇನಾನಿ'ಯ ಚಿತ್ರ ಸಿದ್ಧವಾಯಿತು.

ಆ ಆತ್ಮಕಥೆಯಲ್ಲಿ ಇಲ್ಲದ ಒಂದು ಕಾಗದವಿದೆ. 1941ರ ನವೆಂಬರ್ 20ರಂದು ಮಾನ್‌ಸ್ಟೈನ್ ಸಹಿ ಹಾಕಿ ತನ್ನ ಸೈನ್ಯಕ್ಕೆ ಕಳಿಸಿದ ಆದೇಶ ಅದು. ಯೆಹೂದಿ-ಬೊಲ್ಶೆವಿಕ್ ವ್ಯವಸ್ಥೆಯನ್ನು ಶಾಶ್ವತವಾಗಿ ನಿರ್ಮೂಲ ಮಾಡಬೇಕು, ಯೆಹೂದಿಗಳಿಗೆ ವಿಧಿಸುವ ಕಠಿಣ ದಂಡನೆಯ ಅಗತ್ಯವನ್ನು ಪ್ರತಿ ಸೈನಿಕನೂ ಅರಿಯಬೇಕು ಎಂಬುದು ಅದರ ಸಾರ. ಮರುತಿಂಗಳು ಸಿಮ್ಫೆರೋಪೋಲ್ ನಗರದ ಹೊರಗೆ ಹತ್ತು ಸಾವಿರಕ್ಕೂ ಹೆಚ್ಚು ಯೆಹೂದಿಗಳನ್ನು ಗುಂಡಿಟ್ಟು ಕೊಂದರು. ಕೊಂದದ್ದು ಎಸ್ಸೆಸ್ಸಿನ ತಂಡ. ಆದರೆ ಲಾರಿಗಳನ್ನು ಒದಗಿಸಿದ್ದು ಯಾರು? ಸೇನೆ. ಸತ್ತವರ ಕೈಗಡಿಯಾರಗಳನ್ನು ಕೇಳಿ ಪಡೆದದ್ದೂ ಸೇನೆಯೇ. ನ್ಯೂರೆಂಬರ್ಗ್‌ನಲ್ಲಿ 1946ರಲ್ಲಿ ಈ ಆದೇಶವನ್ನು ಮುಂದಿಟ್ಟಾಗ ಸಹಿ ತನ್ನದೇ ಎಂದು ಒಪ್ಪಿದ ಮಾನ್‌ಸ್ಟೈನ್, ಅದರ ನೆನಪೇ ತನಗಿಲ್ಲ ಎಂದ. ನೂರಾರು ಮೈಲಿ ಉದ್ದದ ರಣರಂಗದಲ್ಲಿ ಯಾವ ಪಡೆ ಎಲ್ಲಿತ್ತೆಂದು ನೆನಪಿಟ್ಟು ಬರೆದ ತಲೆಗೆ ಇದೊಂದು ಮರೆತುಹೋಯಿತು.

ಅದೇ ಆದೇಶದಲ್ಲಿ ಇನ್ನೊಂದು ಮಾತಿದೆ. ಮುಸ್ಲಿಮ್ ತಾತಾರರ ಧಾರ್ಮಿಕ ಆಚರಣೆಗಳನ್ನು ಸೈನಿಕರು ಗೌರವಿಸಬೇಕು! ಈ ವಾಕ್ಯವನ್ನು ಕಿತ್ತು ತೋರಿಸಿ, ಜರ್ಮನ್ ಸೇನೆ ಮುಸ್ಲಿಮರ ಮಿತ್ರನಾಗಿತ್ತು ಎನ್ನುವವರು ಇದ್ದಾರೆ. ಒಬ್ಬ ನೆರೆಯವನನ್ನು ಹೊಂಡಕ್ಕೆ ತಳ್ಳಲು ಹೇಳುವ ಕಾಗದದಲ್ಲೇ ಇನ್ನೊಬ್ಬ ನೆರೆಯವನ ಮಸೀದಿಗೆ ಮರ್ಯಾದೆ ಕೊಡಲು ಹೇಳಿದರೆ ಅದು ಗೌರವವಲ್ಲ, ಲೆಕ್ಕಾಚಾರ. ಆ ಲೆಕ್ಕಾಚಾರದ ಬೆಲೆ ತೆತ್ತವರಾರು? ಜರ್ಮನರು ಹೋದ ಮೇಲೆ, 1944ರ ಮೇ 18ರಿಂದ, ಸ್ಟಾಲಿನ್ ಇಡೀ ತಾತಾರ ಜನಾಂಗಕ್ಕೆ ದ್ರೋಹಿಗಳೆಂಬ ಪಟ್ಟ ಕಟ್ಟಿ ಸುಮಾರು 1.9 ಲಕ್ಷ ಜನರನ್ನು ರೈಲು ಡಬ್ಬಿಗಳಲ್ಲಿ ತುಂಬಿ ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಿದ. ಕೆಂಪು ಸೇನೆಯಲ್ಲಿ ಹೋರಾಡಿದ ತಾತಾರರ ಕುಟುಂಬಗಳನ್ನೂ ಬಿಡಲಿಲ್ಲ. ಓಲೈಸಿದವನೂ ದಂಡಿಸಿದವನೂ ಅವರನ್ನು ಮನುಷ್ಯರೆಂದು ಎಣಿಸಲಿಲ್ಲ.

ಹಾಗಾದರೆ ಇಂಥವನಿಗೆ ಕೀರ್ತಿ ಹೇಗೆ ಬಂತು? ಶೀತಲ ಯುದ್ಧದಿಂದ. 1949ರಲ್ಲಿ ಹ್ಯಾಂಬರ್ಗ್‌ನ ಬ್ರಿಟಿಷ್ ಸೈನಿಕ ನ್ಯಾಯಾಲಯ ಮಾನ್‌ಸ್ಟೈನ್‌ಗೆ 18 ವರ್ಷಗಳ ಶಿಕ್ಷೆ ವಿಧಿಸಿತು. ಆತನ ವಕೀಲರ ಖರ್ಚಿಗೆ ಚಂದಾ ಕೊಟ್ಟವರಲ್ಲಿ ವಿನ್‌ಸ್ಟನ್ ಚರ್ಚಿಲ್ ಕೂಡ ಒಬ್ಬರು! ರಷ್ಯಾವನ್ನು ಎದುರಿಸಲು ಪಶ್ಚಿಮಕ್ಕೆ ಹೊಸ ಜರ್ಮನ್ ಸೇನೆ ಬೇಕಾಗಿತ್ತು. ಹಳೆಯ ಅಧಿಕಾರಿಗಳು 1950ರಲ್ಲಿ ಹಿಮ್ಮೆರೋಡ್ ಮಠದಲ್ಲಿ ಸೇರಿ, ಸೇನೆಯ ಮಾನ ಉಳಿಸಬೇಕು, ಕೈದಿಗಳನ್ನು ಬಿಡಬೇಕು ಎಂದು ಷರತ್ತು ಹಾಕಿದರು. 1953ರಲ್ಲಿ ಮಾನ್‌ಸ್ಟೈನ್ ಹೊರಬಂದ. ಮಾಜಿ ಸೇನಾ ಮುಖ್ಯಸ್ಥ ಹಾಲ್ಡರ್‌ನ ಮೇಲ್ವಿಚಾರಣೆಯಲ್ಲಿ ನೂರಾರು ಜರ್ಮನ್ ಅಧಿಕಾರಿಗಳು ಅಮೆರಿಕದ ಸೇನೆಗಾಗಿ ಯುದ್ಧದ ಚರಿತ್ರೆ ಬರೆದರು. ಆರೋಪಿಗಳೇ ತೀರ್ಪು ಬರೆದುಕೊಂಡಂತಾಯಿತು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಗ್ಗುಲೂ ಇದೆ. 1934ರಲ್ಲಿ ಯೆಹೂದಿ ಮೂಲದ ಸೈನಿಕರನ್ನು ಕೆಲಸದಿಂದ ತೆಗೆದಾಗ ಇದೇ ಮಾನ್‌ಸ್ಟೈನ್ ಲಿಖಿತವಾಗಿ ಪ್ರತಿಭಟಿಸಿದ್ದ. ಹ್ಯಾಂಬರ್ಗ್ ನ್ಯಾಯಾಲಯ ಯೆಹೂದಿಗಳ ಹತ್ಯೆಗೆ ಸಂಬಂಧಿಸಿದ ಆರೋಪಗಳಿಂದ ಈತನನ್ನು ಬಿಟ್ಟಿತ್ತು. ಅಭಿಮಾನಿಗಳು ಇವೆರಡನ್ನೂ ಗುರಾಣಿ ಮಾಡಿಕೊಳ್ಳುತ್ತಾರೆ. ಆದರೆ 1934ರ ಪತ್ರ ನಿಜವಾದರೆ 1941ರ ಆದೇಶವೂ ನಿಜ. ಅನ್ಯಾಯವನ್ನು ಗುರುತಿಸಬಲ್ಲವನಾಗಿದ್ದೂ ಏಳು ವರ್ಷಗಳಲ್ಲಿ ಅದಕ್ಕೆ ಸಹಿ ಹಾಕಿದನಲ್ಲ, ಸಂಶೋಧಕ ಕೆದಕಬೇಕಾದ್ದು ಅದನ್ನೇ.

ಕೆದಕಲು ಸಾಧನಗಳಿಲ್ಲವೆಂದಲ್ಲ. ಪೋಟ್ಸ್‌ಡ್ಯಾಮ್‌ನ ಸೇನಾ ದಾಖಲೆಗಳಲ್ಲಿ ಬಹುಪಾಲು 1945ರ ಏಪ್ರಿಲ್‌ನ ಬಾಂಬ್ ದಾಳಿಯಲ್ಲಿ ಸುಟ್ಟುಹೋದರೂ, ಉಳಿದ ಯುದ್ಧ ದಿನಚರಿಗಳು ಫ್ರೈಬರ್ಗ್‌ನ ಸೈನಿಕ ದಾಖಲಾಲಯದಲ್ಲಿವೆ. ಲಂಡನ್ನಿನ ಟ್ರೆಂಟ್ ಪಾರ್ಕ್ ಬಂಗಲೆಯಲ್ಲಿ ಬ್ರಿಟಿಷರು ಸೆರೆಸಿಕ್ಕ ಸೇನಾನಿಗಳ ಖಾಸಗಿ ಮಾತುಗಳನ್ನು ಕದ್ದು ಕೇಳಿ ದಾಖಲಿಸಿದ್ದರು. ಇತಿಹಾಸಕಾರ ಸೋಂಕೆ ನೈಟ್ಜೆಲ್ ಅವನ್ನು 2005ರಲ್ಲಿ ಪ್ರಕಟಿಸಿದರು. ಪ್ಯಾರಿಸ್ಸನ್ನು ಉಳಿಸಿದವನೆಂದು ಹೆಸರಾದ ಫಾನ್ ಕೋಲ್ಟಿಟ್ಸ್, ಯೆಹೂದಿಗಳ ನಿರ್ಮೂಲನೆಯೇ ತಾನು ಮಾಡಿದ ಅತಿ ಕಠಿಣ ಕೆಲಸವೆಂದು ಸಹಕೈದಿಯ ಮುಂದೆ ಹೇಳಿಕೊಂಡದ್ದು ಅಲ್ಲಿದೆ. ಆತನೂ ಸೆವಾಸ್ಟೊಪೋಲ್‌ನಲ್ಲಿ ಮಾನ್‌ಸ್ಟೈನ್‌ನ ಸೇನೆಯಲ್ಲಿದ್ದವನೇ.

ಜರ್ಮನಿಯಲ್ಲಿ 1995ರಿಂದ ಸೇನೆಯ ಅಪರಾಧಗಳ ಚಿತ್ರ ಪ್ರದರ್ಶನ ಊರೂರು ಸುತ್ತಿದಾಗ ಭಾರೀ ಪ್ರತಿಭಟನೆ ನಡೆಯಿತು. ಕೆಲವು ಚಿತ್ರಗಳ ವಿವರಣೆ ತಪ್ಪೆಂದು ತಿಳಿದಾಗ ಸಂಘಟಕರು 1999ರಲ್ಲಿ ಅದನ್ನು ನಿಲ್ಲಿಸಿ, ಪರಿಶೀಲಿಸಿ, 2001ರಲ್ಲಿ ಮತ್ತೆ ತೆರೆದರು. ಸೇನೆ ಅಪರಾಧದಲ್ಲಿ ಭಾಗಿಯಾಗಿತ್ತು ಎಂಬ ಮೂಲ ವಾದ ಅಲುಗಲಿಲ್ಲ. ತನ್ನ ಅಜ್ಜಂದಿರ ಮೇಲೆಯೇ ಪುರಾವೆಗಳನ್ನು ಹುಡುಕುವ ಧೈರ್ಯ ಒಂದು ಸಮಾಜಕ್ಕೆ ಇದ್ದರೆ, ಹೊರಗಿನ ಅಭಿಮಾನಿಗಳಿಗೆ ಪದಕಗಳ ಪಟ್ಟಿಯಾಚೆ ನೋಡಲು ಏನು ಅಡ್ಡಿ?

ಸೇನಾನಿಯ ಚರಿತ್ರೆ ಬರೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಸೆವಾಸ್ಟೊಪೋಲ್ ಬರೆಯುವ ಪುಟದಲ್ಲೇ ಸಿಮ್ಫೆರೋಪೋಲ್ ಕೂಡ ಇರಲಿ.