ಸಂಸಾರದ ಕಡತ: ಪೆಟ್ಟಿಗೆ ಎಲ್ಲಿಡೋಣ?

ಕಳೆದ ತಿಂಗಳ ಒಂದು ಭಾನುವಾರ ಊಟ ಮುಗಿಸಿ, ಎಲೆಯಡಿಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದಾಗ ನನ್ನ ಭಾವಮೈದುನನು ಮೆಲ್ಲನೆ ಮಾತು ತೆಗೆದನು. ಅವನಿಗೆ ಮಸ್ಕತ್ತಿನಲ್ಲಿ ಮೂರು ವರ್ಷದ ಕೆಲಸ ಗೊತ್ತಾಗಿದೆ. ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾನೆ. ಡೊಂಬಿವಲಿಯ ಬಾಡಿಗೆ ಮನೆಯ ಹನ್ನೊಂದು ತಿಂಗಳ ಕರಾರು ಮುಗಿಯುತ್ತ ಬಂದಿದೆ.

"ಭಾವ, ಒಂದು ನಾಲ್ಕೈದು ಪೆಟ್ಟಿಗೆ, ಒಂದು ಕಪಾಟು, ಮತ್ತೆ ಆ ಫ್ರಿಜ್ಜು... ಇಷ್ಟು ನಿಮ್ಮಲ್ಲಿ ಇಡಲಿಕ್ಕೆ ಆದೀತಾ?"

ನನ್ನಾಕೆ ನನ್ನ ಮುಖ ನೋಡಿದಳು. ನಾನು ಅಡಿಗೆಮನೆಯ ಮೇಲಿನ ಮಾಳಾದ ಕಡೆ ನೋಡಿದೆ. ಅಲ್ಲಿ ಮಕ್ಕಳ ತೊಟ್ಟಿಲು, ಚೌತಿಯ ಮಂಟಪ, ಎರಡು ಕೊಪ್ಪರಿಗೆ, ಯಾರದೆಂದು ಈಗ ಯಾರಿಗೂ ನೆನಪಿಲ್ಲದ ಒಂದು ಹೋಲ್ಡಾಲು, ಇವೆಲ್ಲ ಒಂದರ ಮೇಲೊಂದು ಕುಳಿತು ನಮ್ಮನ್ನೇ ನೋಡುತ್ತಿದ್ದವು.

ವಾಚಕ ಬಂಧುಗಳೇ, ಮುಂಬಯಿಯಲ್ಲಿ ಸಂಸಾರ ಹೂಡಿದ ನಮ್ಮವರಿಗೆ ಇದು ಹೊಸ ಪ್ರಶ್ನೆಯಲ್ಲ. ೧೯೨೦ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ ಒಂದೊಂದು ಖೋಲಿ ೧೬೦ ಚದರ ಅಡಿಯದು. ಅಂಥ ಖೋಲಿಗಳಲ್ಲಿ ಊರಿನಿಂದ ಬಂದವರಿಗೂ, ಪರದೇಶಕ್ಕೆ ಹೋಗುವವರಿಗೂ, ಅವರ ಪೆಟ್ಟಿಗೆಗಳಿಗೂ ಜಾಗ ಮಾಡಿಕೊಟ್ಟ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. "ಇಲ್ಲ" ಎನ್ನಲು ನಮ್ಮ ನಾಲಿಗೆ ಏಳುವುದಿಲ್ಲ. ಆದರೂ ಆ ದಿನ ನಾನು "ಆಗಲಿ" ಎಂದು ಹೇಳಲಿಲ್ಲ. ಅದಕ್ಕೆ ಕಾರಣವಿದೆ.

೨೦೦೩ರಲ್ಲಿ ನನ್ನ ತಂದೆಯವರು ಬಹರೈನಿಗೆ ಹೊರಟರು. ನಾನು ಮತ್ತು ತಾಯಿ ಕಾರ್ಕಳದ ಕಡೆಯ ಊರಿಗೆ ಹೋದೆವು. ಮನೆ ಬಿಡುವಾಗ ಒಂದು ಕಬ್ಬಿಣದ ಟ್ರಂಕನ್ನು ಕುರ್ಲಾದಲ್ಲಿದ್ದ ಚಿಕ್ಕಮ್ಮನ ಖೋಲಿಯ ಮಂಚದಡಿಯಲ್ಲಿ ಇಟ್ಟೆವು. ಅದರಲ್ಲಿ ಅಜ್ಜಿಯ ಧಾರೆಸೀರೆ, ತಂದೆಯವರ ಶಾಲೆಯ ಸರ್ಟಿಫಿಕೇಟುಗಳು, ಮದುವೆಯ ಫೋಟೋಗಳು ಇದ್ದವು. ಚಿಕ್ಕಮ್ಮನದು ನೆಲ ಅಂತಸ್ತಿನ ಖೋಲಿ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ ೯೪೪ ಮಿಲಿಮೀಟರು ಮಳೆ ಬಿದ್ದದ್ದೂ, ಮೀಠಿ ನದಿ ಉಕ್ಕಿ ಕುರ್ಲಾ, ಕಾಲಿನಾಗಳನ್ನು ಮುಳುಗಿಸಿದ್ದೂ ನಿಮಗೆ ನೆನಪಿರಬಹುದು. ಚಿಕ್ಕಮ್ಮ ಎರಡು ಮಕ್ಕಳನ್ನು ಎತ್ತಿಕೊಂಡು ಮೇಲಿನ ಅಂತಸ್ತಿಗೆ ಓಡಿದಳು. ಟ್ರಂಕು ಎರಡು ದಿನ ಕೆಸರುನೀರಿನಲ್ಲಿತ್ತು.

ತಂದೆಯವರು ಬಂದು ನೋಡಿ, "ಹೋಗಲಿ, ಮಕ್ಕಳು ಉಳಿದರಲ್ಲ" ಎಂದರು. ಆದರೆ ಸರ್ಟಿಫಿಕೇಟಿನ ನಕಲಿಗಾಗಿ ಒಂದು ವರ್ಷ ಕಚೇರಿಯಿಂದ ಕಚೇರಿಗೆ ಅಲೆಯುವಾಗ ಮನೆಯಲ್ಲಿ ಒಂದೊಂದು ಮಾತು ಬಂದೇ ಬಂತು. ಆ ಮಾತು ಕುರ್ಲಾದ ತನಕವೂ ಹೋಯಿತು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ ಚಿಕ್ಕಮ್ಮ ಚೌತಿಗೆ ಮಾತ್ರ ಬರತೊಡಗಿದಳು. ಆಮೇಲೆ ಅದೂ ನಿಂತಿತು.

ಆದುದರಿಂದ ಭಾವಮೈದುನನಿಗೆ, "ಮೊದಲು ಕಾಗದ, ಪೆನ್ಸಿಲು ತಾ" ಎಂದೆ. ಸರಕಾರಿ ಗುಮಾಸ್ತನಿಗೆ ಬೇರೆ ವಿದ್ಯೆ ಬಾರದು. ನಮ್ಮ ಕಚೇರಿಯ ರಿಕಾರ್ಡು ಕೋಣೆಗೆ ಹೋಗುವ ಪ್ರತಿಯೊಂದು ಕಡತಕ್ಕೂ ಒಂದು ಗುರುತು ಹಾಕುತ್ತೇವೆ: ಕಾಯಮ್ಮಾಗಿ ಇಡತಕ್ಕದ್ದು, ಇಷ್ಟು ವರ್ಷ ಇಡತಕ್ಕದ್ದು, ಇಡಬೇಕಾದ್ದಿಲ್ಲ. ಮನೆಯ ಸಾಮಾನಿಗೂ ಅದೇ ಕ್ರಮ ಹಿಡಿದೆವು.

ಕಾಯಮ್ಮಿನ ಪಟ್ಟಿಯಲ್ಲಿ ಮೊದಲನೆಯದು ಒಡವೆ, ಮತ್ತು ಮೂಲ ಕಾಗದಪತ್ರಗಳು. ಇವನ್ನು ಯಾವ ನೆಂಟರ ಕಪಾಟಿನಲ್ಲಿಯೂ ಇಡಬೇಡಿ. ಬ್ಯಾಂಕಿನ ಲಾಕರಿನಲ್ಲಿ ಇಡಿ. ಆದರೆ ಲಾಕರಿನ ನಿಯಮವನ್ನೂ ತಿಳಿದಿರಬೇಕು. ೨೦೨೧ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ, ಲಾಕರಿನ ವಿಷಯದಲ್ಲಿ ಬ್ಯಾಂಕುಗಳು ಕೈ ತೊಳೆದುಕೊಳ್ಳುವಂತಿಲ್ಲ ಎಂದು ಹೇಳಿ, ಆರು ತಿಂಗಳೊಳಗೆ ನಿಯಮ ಮಾಡಬೇಕೆಂದು ರಿಸರ್ವ್ ಬ್ಯಾಂಕಿಗೆ ಆಜ್ಞಾಪಿಸಿತು. ಆ ನಿಯಮಗಳು ೨೦೨೨ರ ಜನವರಿ ೧ರಿಂದ ಜಾರಿಗೆ ಬಂದವು. ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ, ನೌಕರರ ಮೋಸ, ಇವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ೧೦೦ ಪಟ್ಟು. ಬಾಡಿಗೆ ೨,೦೦೦ ರೂಪಾಯಿ ಎನ್ನೋಣ. ಆಗ ಸಿಕ್ಕುವುದು ೨ ಲಕ್ಷ, ಒಳಗೆ ಹತ್ತು ಲಕ್ಷದ ಚಿನ್ನವಿದ್ದರೂ ಅಷ್ಟೆ. ನೆರೆ, ಭೂಕಂಪ, ಸಿಡಿಲುಗಳಿಗೆ ಬ್ಯಾಂಕು ಹೊಣೆಯಲ್ಲ. ಆದುದರಿಂದ ನೆಲಮಾಳಿಗೆಯ ಲಾಕರಿಗಿಂತ ಮೇಲಂತಸ್ತಿನದು ಲೇಸು.

ಪರದೇಶಕ್ಕೆ ಹೋಗುವವರು ಮರೆಯಬಾರದ ಇನ್ನೊಂದು ಮಾತುಂಟು. ಮೂರು ವರ್ಷ ಒಂದೇ ಸಮನೆ ಬಾಡಿಗೆ ಕಟ್ಟದಿದ್ದರೆ ಬ್ಯಾಂಕು ಲಾಕರನ್ನು ಒಡೆಸಬಹುದು. ಬಾಡಿಗೆ ಸರಿಯಾಗಿ ಸಂದಿದ್ದರೂ, ಏಳು ವರ್ಷ ಲಾಕರನ್ನು ತೆರೆಯದೆ ಇದ್ದು ಗಿರಾಕಿಯ ಪತ್ತೆಯೂ ಆಗದಿದ್ದರೆ, ಒಳಗಿನದನ್ನು ನಾಮಿನಿಗೆ ಅಥವಾ ವಾರಸುದಾರರಿಗೆ ಒಪ್ಪಿಸುವ ಅಧಿಕಾರ ಬ್ಯಾಂಕಿಗಿದೆ. ಆದುದರಿಂದ ನಾಮಿನಿಯ ಹೆಸರು ಬರೆಸಿರಿ. ಊರಿಗೆ ಬಂದಾಗಲೆಲ್ಲ ಒಂದು ಸಲ ಲಾಕರು ತೆರೆಯಿರಿ. ವಿಳಾಸ, ಫೋನು ಬದಲಾದರೆ ತಿಳಿಸಿರಿ. ಪರದೇಶವಾಸಿಯಾದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್.ಆರ್.ಓ. ಖಾತೆಯಾಗಿ ಬದಲಿಸಬೇಕಾಗುತ್ತದೆ, ಬಾಡಿಗೆ ಆ ಖಾತೆಯಿಂದಲೇ ಕಡಿತವಾಗುವಂತೆ ಬರೆದುಕೊಡಿರಿ. ಕಾಗದಗಳ ಮಟ್ಟಿಗೆ, ೨೦೧೫ರಲ್ಲಿ ಸರಕಾರ ಆರಂಭಿಸಿದ ಡಿಜಿಲಾಕರಿನಲ್ಲಿ ಸಿಕ್ಕುವಷ್ಟನ್ನು ಇಳಿಸಿಕೊಳ್ಳಿ. ನಮ್ಮ ತಂದೆಯವರ ಕಾಲಕ್ಕೆ ಅದೊಂದು ಇದ್ದಿದ್ದರೆ!

ಎರಡನೆಯದು, ಇಷ್ಟು ವರ್ಷ ಇಡತಕ್ಕ ಸಾಮಾನು: ಕಪಾಟು, ಮಂಚ, ಪುಸ್ತಕ, ಹಿತ್ತಾಳೆ ಪಾತ್ರೆ. ಇದಕ್ಕೆ ಈಗ ಮುಂಬಯಿಯಲ್ಲಿ ಬಾಡಿಗೆಗೆ ಜಾಗ ಕೊಡುವ ಗೋದಾಮುಗಳಿವೆ. ಸೆಲ್ಫ್ ಸ್ಟೋರೇಜ್ ಎನ್ನುತ್ತಾರೆ. ಜಾಗದ ಅಳತೆ ಹಾಕಿ ತಿಂಗಳ ಬಾಡಿಗೆ ಹೇಳುತ್ತಾರೆ. ನಾವಿಬ್ಬರೂ ಎರಡು ಕಡೆ ಹೋಗಿ ನೋಡಿ ಬಂದೆವು. ಕೇಳಬೇಕಾದ ಪ್ರಶ್ನೆಗಳು ಇವು: ಗೋದಾಮು ರಸ್ತೆಯಿಂದ ಎಷ್ಟು ಎತ್ತರದಲ್ಲಿದೆ? ಸಾಮಾನನ್ನು ನೆಲದ ಮೇಲಿಡುವರೋ, ಹಲಗೆಯ ಮೇಲಿಡುವರೋ? ಗೆದ್ದಲು, ಇಲಿಗಳಿಗೆ ಔಷಧಿ ಹೊಡೆಸುವರೋ? ವಿಮೆ ಯಾರ ಖರ್ಚಿನಲ್ಲಿ, ಎಷ್ಟಕ್ಕೆ? ಸಾಗಣೆಯಲ್ಲಿ ಒಡೆದರೆ ಯಾರು ಹೊಣೆ? ನಾವು ಪರದೇಶದಲ್ಲಿರುವಾಗ ಬಾಡಿಗೆ ಏರಿಸಬಹುದೇ? ಬಾಡಿಗೆ ಒಂದೆರಡು ತಿಂಗಳು ತಪ್ಪಿದರೆ ಸಾಮಾನನ್ನು ಏನು ಮಾಡುವರು? ಇದೆಲ್ಲ ಕರಾರಿನಲ್ಲಿ ಬರೆದಿರಬೇಕು, ಬಾಯಿಮಾತು ಸಾಲದು. ಪ್ರತಿಯೊಂದು ಸಾಮಾನಿನ ಪಟ್ಟಿಗೆ ಅವರ ರುಜು ಪಡೆದು, ಫೋಟೋ ತೆಗೆದಿಡಿ.

ಸ್ವಂತ ಮನೆಯುಳ್ಳವರಿಗೆ ಇನ್ನೊಂದು ದಾರಿಯುಂಟು. ಒಂದು ಕೋಣೆಗೆ ಸಾಮಾನು ತುಂಬಿ ಬೀಗ ಹಾಕಿ, ಉಳಿದದ್ದನ್ನು ಲೀವ್ ಎಂಡ್ ಲೈಸನ್ಸಿನ ಮೇಲೆ ಕೊಡುವುದು. ಆ ಕೋಣೆ ಕರಾರಿಗೆ ಸೇರಿಲ್ಲವೆಂದು ಸ್ಪಷ್ಟವಾಗಿ ಬರೆಯಿಸಿರಿ. ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನಿನ ಪ್ರಕಾರ ಈ ಕರಾರು ಲಿಖಿತವಾಗಿರಬೇಕು, ನೋಂದಣಿಯೂ ಆಗಿರಬೇಕು. ನೋಂದಣಿಯ ಹೊಣೆ ಮನೆಯ ಧಣಿಯದೇ.

ಮೂರನೆಯದು, ಇಡಬೇಕಾದ್ದಿಲ್ಲದ್ದು. ಇಲ್ಲಿಯೇ ಮನೆಯಲ್ಲಿ ಯುದ್ಧವಾಗುವುದು. ಭಾವಮೈದುನನು ಫ್ರಿಜ್ಜನ್ನು ಬಿಡಲೊಲ್ಲ. ನಾನು ಲೆಕ್ಕ ಹಾಕಿದೆ. ತಿಂಗಳಿಗೆ ಐನೂರು ರೂಪಾಯಿಯ ಜಾಗ ಅದೊಂದಕ್ಕೆ ಬೇಕೆಂದು ಹಿಡಿದರೂ ಮೂರು ವರ್ಷಕ್ಕೆ ೧೮,೦೦೦ ಆಯಿತು. ಇವತ್ತು ಮಾರಿದರೆ ಅದಕ್ಕೆ ಐದು ಸಾವಿರ ಹುಟ್ಟುವುದೂ ಕಷ್ಟ. ಮೂರು ವರ್ಷ ಓಡದೆ ನಿಂತ ಯಂತ್ರ ಆಮೇಲೆ ಓಡುತ್ತದೆಂದು ಹೇಳುವವರು ಯಾರು? ಸೋಫಾ, ಹಾಸಿಗೆಗಳ ಗತಿಯೂ ಇದೇ; ಎರಡು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ. ಗ್ಯಾಸಿನ ಸಿಲಿಂಡರನ್ನಂತೂ ಯಾರಲ್ಲಿಯೂ ಬಿಟ್ಟುಹೋಗಬಾರದು. ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಷನ್ ವೌಚರು ಪಡೆದರೆ ಠೇವಣಿಯೂ ಮರಳುತ್ತದೆ, ಮುಂದೆ ಹೊಸ ಜೋಡಣೆಗೂ ಅದು ಉಪಯೋಗಕ್ಕೆ ಬರುತ್ತದೆ.

ಗೃಹಿಣಿಯರಿಗೆ ನನ್ನಾಕೆಯ ಎರಡು ಮಾತು: ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ, ಹಳೆಯ ಪಂಚೆಯಲ್ಲಿ ಸುತ್ತಿಡಿ. ವರ್ಷಕ್ಕೆರಡು ಸಲವಾದರೂ ಮಡಿಕೆ ಬದಲಿಸುವವರು ಬೇಕು, ಇಲ್ಲವಾದರೆ ಜರಿ ಮಡಿಕೆಯಲ್ಲೇ ಮುರಿಯುತ್ತದೆ.

ಹೀಗೆ ಎಲ್ಲ ತೀರಿದ ಮೇಲೆ ಒಂದೇ ಒಂದು ಪೆಟ್ಟಿಗೆ ಉಳಿಯಿತು. ಅದರಲ್ಲಿ ನಮ್ಮ ಅತ್ತೆಯವರ ನಾಲ್ಕು ಸೀರೆಗಳಿದ್ದವು. ಮಡಿಕೆ ಬದಲಿಸಬೇಕಾದ್ದರಿಂದ ಅದನ್ನು ಗೋದಾಮಿಗೆ ಕಳಿಸುವಂತಿಲ್ಲ. ಅದನ್ನು ನಾವು ಇಟ್ಟುಕೊಂಡೆವು. ಭಾವಮೈದುನನಿಂದ ಒಂದು ಚೀಟಿ ಮಾತ್ರ ಬರೆಸಿಕೊಂಡೆ: "ಮಳೆ, ಬೆಂಕಿ, ಗೆದ್ದಲುಗಳಿಂದ ಏನಾದರೂ ಆದರೆ ಅಕ್ಕ ಭಾವಂದಿರ ತಪ್ಪಲ್ಲ." ಅವನು ನಕ್ಕು, "ಇದೇನು ಭಾವ, ನಮ್ಮೊಳಗೆ ಬರವಣಿಗೆಯಾ?" ಎಂದ. "ಹೊರಗಿನವರೊಡನೆ ಕರಾರು ಇರುತ್ತದೆ. ನಮ್ಮೊಳಗೆ ಬರೆದಿಡದ್ದರಿಂದಲೇ ಒಬ್ಬರನ್ನು ಕಳೆದುಕೊಂಡೆವು ಮಾರಾಯ" ಎಂದೆ.

ಮರುವಾರ ನಾವಿಬ್ಬರೂ ಕುರ್ಲಾಕ್ಕೆ ಹೋದೆವು. ಚಿಕ್ಕಮ್ಮನಿಗೆ ಈಗ ಮೊಣಕಾಲು ನೋವು. ಚಹಾ ಕುಡಿಯುತ್ತ ನಾನೇ ಟ್ರಂಕಿನ ಮಾತು ಎತ್ತಿದೆ. ನಿನ್ನ ಮೇಲೆ ಯಾರಿಗೂ ಬೇಸರವಿಲ್ಲ ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಆ ಸೀರೆಯನ್ನು ಮೂರು ಸಲ ಒಗೆದೆ ಮಗಾ, ಕೆಸರು ಹೋಗಲಿಲ್ಲ. ಅಮ್ಮ ಉಟ್ಟ ಸೀರೆ" ಎಂದಳು.

ಅದು ಚಿಕ್ಕಮ್ಮನ ತಾಯಿಯ ಸೀರೆಯೂ ಹೌದೆಂಬುದು ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಈ ಸಲದ ಚೌತಿಗೆ ಅವಳನ್ನು ಕರೆದು ಬಂದಿದ್ದೇವೆ. ಬರುತ್ತೇನೆ ಎಂದಿದ್ದಾಳೆ.

ನಿಮ್ಮ ಮಾಳಾದ ಮೇಲೆ ಯಾರ ಪೆಟ್ಟಿಗೆಯಿದೆ, ಯಾರ ಮಾಳಾದ ಮೇಲೆ ನಿಮ್ಮದಿದೆ ಎಂದು ಈ ಮಳೆಗಾಲದೊಳಗೆ ಒಮ್ಮೆ ವಿಚಾರಿಸಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.