ಆಟದ ಪೆಟ್ಟಿಗೆಯೂ ಮೊಬೈಲ್ ಅಂಗಡಿಯೂ

ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಂತಹ ಹೋಬಳಿ ಕೇಂದ್ರಗಳ ವರ್ತಕರಿಗೆ ಒಪ್ಪೊ, ವಿವೊ ಎಂಬ ಹೆಸರುಗಳು ಹೊಸತಲ್ಲ. ಆದರೆ ಈ ಮೊಬೈಲ್ ಸಂಸ್ಥೆಗಳ ವಂಶಾವಳಿಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ, ಟಿ.ವಿ.ಗೆ ಜೋಡಿಸಿ ಆಡುವ ಅಗ್ಗದ ವಿಡಿಯೊ ಗೇಮ್ ಪೆಟ್ಟಿಗೆಯೊಂದು ಎದುರಾಗುತ್ತದೆ ಎಂಬುದನ್ನು ಬಲ್ಲವರು ವಿರಳ.

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರ ಜುಲೈ 15ರಂದು ‘ಫ್ಯಾಮಿಕಾಂ’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಚೀನಾದಲ್ಲಿ ಅದರ ಅಧಿಕೃತ ಮಾರಾಟವಿರಲಿಲ್ಲ; ಇದ್ದರೂ ಅಲ್ಲಿನ ಸಾಮಾನ್ಯ ಕುಟುಂಬಕ್ಕೆ ಬೆಲೆ ನಿಲುಕುತ್ತಿರಲಿಲ್ಲ. ಈ ತೆರವನ್ನು ತೈವಾನ್ ಹಾಗೂ ಗುವಾಂಗ್‌ಡಾಂಗ್ ಪ್ರಾಂತದ ಕಾರ್ಖಾನೆಗಳ ನಕಲು ಯಂತ್ರಗಳು ತುಂಬಿದವು. ಕ್ರಮೇಣ ಹಲವು ಚಿಪ್‌ಗಳ ಕೆಲಸವನ್ನು ಒಂದೇ ಚಿಪ್‌ಗೆ ಅಡಕಗೊಳಿಸಿ, ಅದರ ಮೇಲೆ ಕಪ್ಪು ಅಂಟಿನ ಮುದ್ದೆ ಸುರಿದು ಮುಚ್ಚುವ ವಿಧಾನ ಬಂದಿತು. ಬೆಲೆ ಕುಸಿಯಿತು. ಜೊತೆಗೆ ರಿಪೇರಿಯೂ ಅಸಾಧ್ಯವಾಯಿತು, ಏಕೆಂದರೆ ಆ ಮುದ್ದೆಯಡಿಯ ಚಿಪ್ಪನ್ನು ಯಾವ ಮೆಕ್ಯಾನಿಕ್ಕೂ ಬಿಚ್ಚಲಾರ.

ಇವರ ಪೈಕಿ ಝಾಂಗ್‌ಶಾನ್ ನಗರದ ‘ಸುಬೋರ್’ ಕಾರ್ಖಾನೆಯ ನಡೆ ಗಮನಾರ್ಹ. ಅದರ ಮುಖ್ಯಸ್ಥ ದುವಾನ್ ಯೊಂಗ್‌ಪಿಂಗ್ ಅದೇ ಆಟದ ಪೆಟ್ಟಿಗೆಗೆ ಕೀಲಿಮಣೆ ಸೇರಿಸಿ, ಬೆರಳಚ್ಚು ಮತ್ತು ಬೇಸಿಕ್ ಪಾಠಗಳನ್ನು ಅಳವಡಿಸಿ, ‘ಕಲಿಕಾ ಯಂತ್ರ’ವೆಂದು ಮಾರಿದರು. ಆಟಕ್ಕೆ ಹಣ ಕೊಡಲೊಪ್ಪದ ತಂದೆತಾಯಿಯರು ಪಾಠಕ್ಕೆ ಕೊಟ್ಟರು. ಮಕ್ಕಳು ಏನು ಮಾಡಿದರೆಂಬುದನ್ನು ಹೇಳಬೇಕಾಗಿಲ್ಲ! ನಟ ಜಾಕಿ ಚಾನ್ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡರು. 1995ರಲ್ಲಿ ಸುಬೋರ್ ತೊರೆದ ದುವಾನ್, ಡಾಂಗ್‌ಗುವಾನ್‌ನಲ್ಲಿ ‘ಬಿ.ಬಿ.ಕೆ.’ ಸಂಸ್ಥೆ ಕಟ್ಟಿ, ದೂರವಾಣಿ ಹಾಗೂ ವಿ.ಸಿ.ಡಿ. ಪ್ಲೇಯರ್‌ಗಳತ್ತ ಹೊರಳಿದರು. ಒಪ್ಪೊ, ವಿವೊಗಳು ಆ ಬಳಗದಿಂದಲೇ ಹೊರಬಂದವು.

ನಕಲನ್ನು ಸಮರ್ಥಿಸಲಾಗದು. ಯಂತ್ರ ರೂಪಿಸಿದವರಿಗಾಗಲಿ, ಆಟ ಬರೆದವರಿಗಾಗಲಿ ಅದರಿಂದ ಕಾಸೂ ಸಲ್ಲಲಿಲ್ಲ. ಆದರೆ ನಕಲಿನ ವರ್ಷಗಳಲ್ಲಿ ಅವರು ಅಚ್ಚು ಹೊಯ್ಯುವುದನ್ನು, ಬೆಸುಗೆಯನ್ನು, ದೂರದ ಊರುಗಳ ಚಿಲ್ಲರೆ ವರ್ತಕರನ್ನು ಜೊತೆಗೂಡಿಸಿಕೊಳ್ಳುವುದನ್ನು ಕಲಿತರೆಂಬುದು ಸುಳ್ಳಲ್ಲ. ಸೋಜಿಗವೆಂದರೆ, 2000ದಲ್ಲಿ ಚೀನಾ ಸರ್ಕಾರವು ಮಕ್ಕಳ ಹಿತದ ಹೆಸರಿನಲ್ಲಿ ತನ್ನ ನೆಲದಲ್ಲಿ ಆಟದ ಯಂತ್ರಗಳ ಮಾರಾಟ ನಿಷೇಧಿಸಿತು. ಅದು ಪೂರ್ಣ ತೆರವಾದದ್ದು 2015ರಲ್ಲಿ. ರಫ್ತಿಗೆ ಮಾತ್ರ ತಡೆ ಇರಲಿಲ್ಲ.

ಅದೇ ಪೆಟ್ಟಿಗೆಗಳು ಕರ್ನಾಟಕಕ್ಕೂ ಬಂದವು. ಬೆಂಗಳೂರಿನ ಸಗಟು ಮಳಿಗೆಗಳಿಂದ ಜಿಲ್ಲಾ ಪಟ್ಟಣಗಳ ಫ್ಯಾನ್ಸಿ ಸ್ಟೋರುಗಳಿಗೆ ತಲುಪಿ, ಬೇಸಿಗೆ ರಜೆಯಲ್ಲಿ ಬಿಸಿ ದೋಸೆಯಂತೆ ಖರ್ಚಾದವು. ‘9999 ಆಟ’ಗಳೆಂದು ಬರೆದ ಕ್ಯಾಸೆಟ್ಟಿನಲ್ಲಿ ಬೆರಳೆಣಿಕೆಯ ಆಟಗಳೇ ಮರುಕಳಿಸುತ್ತಿದ್ದವು. ಬಿಲ್ಲಿಲ್ಲ, ವಾರಂಟಿಯಿಲ್ಲ, ಅಡಾಪ್ಟರ್ ಸುಟ್ಟರೆ ಗಿರಾಕಿಯ ಹಣೆಬರಹ. 2001ರ ಏಪ್ರಿಲ್ 1ರಂದು ಉಳಿದ 715 ವಸ್ತುಗಳ ಆಮದಿನ ಪ್ರಮಾಣ ನಿರ್ಬಂಧವೂ ತೆರವಾದ ಬಳಿಕ ಅಗ್ಗದ ಸರಕಿನ ಹಾದಿ ಮತ್ತಷ್ಟು ಸುಗಮವಾಯಿತು. ವರ್ತಕರಿಗೆ ಲಾಭಾಂಶ ಸಿಕ್ಕಿತು; ಕಸುಬು ಸಿಗಲಿಲ್ಲ.

ಕೇಂದ್ರ ಸರ್ಕಾರವು ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿದೆ. 2021ರ ಜನವರಿಯಿಂದ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ. ಕೊಪ್ಪಳದಲ್ಲಿ ಆಟಿಕೆ ಕ್ಲಸ್ಟರ್ ರೂಪುಗೊಂಡಿದೆ. ಇವು ಸ್ವಾಗತಾರ್ಹ. ಆದರೆ ಸುಂಕದ ಗೋಡೆಯೊಂದೇ ಚಿತ್ರದುರ್ಗದ ಯುವಕನ ಕೈಗೆ ಬೆಸುಗೆ ಕಡ್ಡಿ ಕೊಡಲಾರದು. ಹಿರಿಯೂರು, ಚಿತ್ರದುರ್ಗಗಳು ಬೆಂಗಳೂರು–ಪುಣೆ ಹೆದ್ದಾರಿಯ ಮೇಲೆಯೇ ಇವೆ. ಚಾರ್ಜರ್, ಕೇಬಲ್, ಎಲ್.ಇ.ಡಿ. ದೀಪಗಳ ಜೋಡಣೆಗೆ ಭಾರಿ ಬಂಡವಾಳ ಬೇಡ. ಹೋಬಳಿ ಮಟ್ಟದ ಮೊಬೈಲ್ ವರ್ತಕರು ರಿಪೇರಿಯ ಮೇಜೊಂದನ್ನು ಅಂಗಡಿಯೊಳಗೇ ಹಾಕಿ, ಐ.ಟಿ.ಐ. ಮುಗಿಸಿದ ಊರಿನ ಹುಡುಗನೊಬ್ಬನನ್ನು ಕೂರಿಸಿಕೊಳ್ಳುವುದಕ್ಕೆ ಯಾವ ಕ್ಲಸ್ಟರಿನ ಮಂಜೂರಾತಿಗೂ ಕಾಯಬೇಕಾಗಿಲ್ಲ.