ಮೂಲೆ ಸೇರಿದ ಹಗ್ಗ

ಸಹೋದರಿಯರೇ, ನಮ್ಮ ಮದ್ರಸದ ಅಂಗಳದಲ್ಲಿ ಬಿಡುವಿನ ಹತ್ತು ನಿಮಿಷಕ್ಕೆ ಒಂದು ಹಗ್ಗ ಹೊರಬರುತ್ತದೆ. ಯಾರದೋ ಮನೆಯ ಬಾವಿಯಿಂದ ನಿವೃತ್ತಿಯಾದ ಹಳೆಯ ಹಗ್ಗ. ಇಬ್ಬರು ಹುಡುಗಿಯರು ಎರಡು ತುದಿ ಹಿಡಿದು ಬೀಸುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ಒಳನುಗ್ಗಿ ಜಿಗಿಯುತ್ತಾರೆ. ಕಾಲಿಗೆ ಹಗ್ಗ ತಗಲಿದವಳು ಹೊರಬಂದು ಬೀಸಬೇಕು. ನಿಯಮ ಅಷ್ಟೇ. ಜಗಳ ಮಾತ್ರ ಬೇಕಾದಷ್ಟು.

ಕಳೆದ ವರ್ಷದವರೆಗೆ ಎಲ್ಲರನ್ನೂ ಸೋಲಿಸುತ್ತಿದ್ದ ಏಳನೇ ತರಗತಿಯ ಹುಡುಗಿಯೊಬ್ಬಳು ಈಗ ಮೆಟ್ಟಿಲ ಮೇಲೆ ಕುಳಿತು ಇತರರ ಪುಸ್ತಕ ಕಾಯುತ್ತಾಳೆ. ಯಾಕಮ್ಮಾ ಎಂದು ಕೇಳಿದೆ. "ಉಮ್ಮ ಬೇಡ ಅಂದಿದ್ದಾರೆ. ದೊಡ್ಡವಳಾದ ಮೇಲೆ ಹಾರಬಾರದಂತೆ, ಗರ್ಭಕೋಶಕ್ಕೆ ತೊಂದರೆಯಂತೆ" ಎಂದು ಮೆಲ್ಲಗೆ ಹೇಳಿದಳು.

ಆ ತಾಯಿಯನ್ನು ದೂರುವ ಹಕ್ಕು ನನಗಿಲ್ಲ. ಆರು ವರ್ಷಗಳ ಹಿಂದೆ, ನನ್ನ ಮಗಳಿಗೆ ಹನ್ನೆರಡು ತುಂಬಿದಾಗ ನಾನೂ ಇದೇ ಮಾತನ್ನು ಹೇಳಿದ್ದೆ. ಅವಳ ಸ್ಕಿಪ್ಪಿಂಗ್ ಹಗ್ಗವನ್ನು ನಾನೇ ಸುತ್ತಿ ಅಟ್ಟಕ್ಕೆ ಹಾಕಿದ್ದೆ. ನನಗೆ ಹೇಳಿದವರು ನನ್ನ ಉಮ್ಮ. ಉಮ್ಮನಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಅದೇ ಉಮ್ಮ ಎರಡು ವರ್ಷಗಳ ಹಿಂದೆ ವುಝೂ ಮಾಡಲು ಹೋಗಿ ಬಚ್ಚಲಲ್ಲಿ ಜಾರಿದರು. ಬಿದ್ದದ್ದು ಸಣ್ಣದಾಗಿಯೇ. ಸೊಂಟದ ಮೂಳೆ ಮುರಿಯಿತು. ಮೂಳೆಗಳು ಮೊದಲೇ ಟೊಳ್ಳಾಗಿದ್ದವು ಎಂದರು ವೈದ್ಯರು. ಹಾಸಿಗೆಯ ಪಕ್ಕ ಕುಳಿತಿದ್ದ ನನ್ನನ್ನೂ ಮಗಳನ್ನೂ ನೋಡಿ, "ಇವರದ್ದಾಯಿತು, ನಿಮ್ಮ ಮೂಳೆಗಳನ್ನು ನೋಡಿಕೊಳ್ಳಿ, ಮುಖ್ಯವಾಗಿ ಈ ಹುಡುಗಿಯದ್ದು" ಎಂದು ಸೇರಿಸಿದರು. ಅಂದು ನನಗೆ ಅಟ್ಟದ ಮೇಲಿನ ಹಗ್ಗ ನೆನಪಾಯಿತು.

ಹೆಣ್ಣುಮಗಳು 18 ವರ್ಷ ತಲುಪುವ ಹೊತ್ತಿಗೆ ಅವಳ ಮೂಳೆಗಳಲ್ಲಿ ಜಮೆಯಾಗಬೇಕಾದ ಗಟ್ಟಿತನದಲ್ಲಿ ಹೆಚ್ಚುಕಡಿಮೆ ಶೇಕಡಾ 90ರಷ್ಟು ಜಮೆಯಾಗಿ ಮುಗಿದಿರುತ್ತದೆ. ಮುಂದೆ ಮುಟ್ಟು ನಿಂತ ಮೇಲೆ ಆ ಗಂಟು ಬೇಗ ಬೇಗ ಕರಗತೊಡಗುತ್ತದೆ. ಎಳೆಯ ವಯಸ್ಸಿನಲ್ಲಿ ಎಷ್ಟು ಕೂಡಿಟ್ಟಿದ್ದೇವೋ ಅದರ ಮೇಲೆಯೇ ಮುದಿತನದ ಬದುಕು. ಕೂಡಿಡುವುದಕ್ಕೆ ಹಾಲು, ಮೀನು, ಬಿಸಿಲು ಬೇಕು ನಿಜ. ಜೊತೆಗೆ ಮೂಳೆಗೆ ಭಾರವೂ ಬೀಳಬೇಕು. ಜಿಗಿದು ಪಾದ ನೆಲಕ್ಕೆ ತಾಗಿದಾಗಲೆಲ್ಲ ಕಾಲಿನ, ಸೊಂಟದ ಮೂಳೆಗಳಿಗೆ ಒಂದು ಪೆಟ್ಟು ತಗಲುತ್ತದೆ. ಆ ಪೆಟ್ಟಿಗೆ ಉತ್ತರವಾಗಿ ಮೂಳೆ ತನ್ನನ್ನು ತಾನೇ ಬಲಪಡಿಸಿಕೊಳ್ಳುತ್ತದೆ. ಅಲ್ಲಾಹನು ದೇಹವನ್ನು ರಚಿಸಿರುವ ರೀತಿಯೇ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಮಾರ್ಗದರ್ಶನದಲ್ಲಿ, 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಓಡಾಡಬೇಕು, ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ಇರಬೇಕು ಎಂದಿದೆ. ನಾವೋ, ಸರಿಯಾಗಿ ಅದೇ ವರ್ಷಗಳಲ್ಲಿ ಹುಡುಗಿಯನ್ನು ಮೆಟ್ಟಿಲ ಮೇಲೆ ಕುಳ್ಳಿರಿಸುತ್ತೇವೆ!

ಇನ್ನು ಗರ್ಭಕೋಶದ ಭಯ. ಆರೋಗ್ಯವಂತ ಹುಡುಗಿ ಹಗ್ಗ ಜಿಗಿದರೆ ಗರ್ಭಕೋಶ ಜಾರುವುದೂ ಇಲ್ಲ, ಮುಂದೆ ಮಕ್ಕಳಾಗಲು ಅಡ್ಡಿಯೂ ಇಲ್ಲ. ಮುಟ್ಟಿನ ದಿನಗಳಲ್ಲಿ ನೋವಿದ್ದರೆ ವಿಶ್ರಾಂತಿ ಪಡೆಯಲಿ, ಇಲ್ಲದಿದ್ದರೆ ಆಡಲಿ. ಹಾಗೆಯೇ, ಜಿಗಿದರೆ ಎತ್ತರ ಬೆಳೆಯುತ್ತಾರೆಂಬ ಆಸೆಯನ್ನೂ ಮಕ್ಕಳಿಗೆ ಹುಟ್ಟಿಸಬೇಡಿ. ಅದೂ ಸುಳ್ಳೇ.

ಜನ ನೋಡುತ್ತಾರೆ ಎನ್ನುವಿರಾ? ಒಂದು ಚಾಪೆಯಷ್ಟು ಜಾಗ, ತಲೆಯ ಮೇಲೆ ಹಗ್ಗ ತಿರುಗುವಷ್ಟು ಎತ್ತರ ಇದ್ದರೆ ಸಾಕು. ಟೆರೇಸಿಗೆ ಒಂದು ಹಳೆಯ ಬೆಡ್‌ಶೀಟ್ ಅಡ್ಡ ಕಟ್ಟಿದರೆ ಯಾರ ಕಣ್ಣೂ ಬೀಳದು. ಪ್ರವಾದಿವರ್ಯರು(ಸ) ಆಯಿಶಾ(ರ)ರವರೊಂದಿಗೆ ಓಟದ ಸ್ಪರ್ಧೆ ಮಾಡಿದ್ದು ನಿಮಗೆಲ್ಲ ತಿಳಿದಿರುವ ವಿಷಯ. ಮೊದಲ ಬಾರಿ ಆಯಿಶಾ(ರ) ಗೆದ್ದರು. ಮುಂದೆ ಮೈ ತುಂಬಿಕೊಂಡ ಮೇಲೆ ಸೋತರು. ಅದನ್ನು ಸ್ವತಃ ಅವರೇ ಹೇಳಿಕೊಂಡಿದ್ದಾರೆ. ನಮ್ಮಲ್ಲಿ ಎಷ್ಟು ಮಂದಿ ಮದುವೆಯ ನಂತರ ಒಮ್ಮೆಯಾದರೂ ಓಡಿದ್ದೇವೆ? ಬಸ್ಸಿನ ಹಿಂದೆ ಓಡಿದ್ದನ್ನು ಲೆಕ್ಕ ಹಿಡಿಯಬೇಡಿ.

ಹಾಗಾಗಿ ತಾಯಂದಿರೇ, ಹಗ್ಗ ನಿಮಗೂ ಇರಲಿ. ಬಾಕ್ಸಿಂಗ್ ವೀರ ಮುಹಮ್ಮದಲಿಯಂಥವರೂ ಅಭ್ಯಾಸಕ್ಕೆ ಹಗ್ಗ ಜಿಗಿಯುತ್ತಿದ್ದರು. ಮಕ್ಕಳಾಟವೆಂದು ಹಗುರಾಗಿ ಕಾಣಬೇಡಿ. ಎಡೆಬಿಡದೆ ಹತ್ತು ನಿಮಿಷ ಜಿಗಿದರೆ ಸುಮಾರು 100 ಕ್ಯಾಲರಿ, ಎಂದರೆ ಒಂದು ಚಪಾತಿ ಕರಗುತ್ತದೆ. ಆದರೆ ಮೊದಲ ದಿನವೇ ಹತ್ತು ನಿಮಿಷ ಸಾಧ್ಯವಿಲ್ಲ, ಪ್ರಯತ್ನಿಸಲೂ ಬೇಡಿ. ಇಪ್ಪತ್ತು ಜಿಗಿತ, ಉಸಿರು ತಿಳಿಯಾಗುವವರೆಗೆ ವಿಶ್ರಾಂತಿ, ಮತ್ತೆ ಇಪ್ಪತ್ತು. ಹೀಗೆ ಐದು ನಿಮಿಷ, ದಿನ ಬಿಟ್ಟು ದಿನ. ಹಗ್ಗದ ನಡುವೆ ಪಾದವಿಟ್ಟು ನಿಂತಾಗ ಎರಡು ತುದಿಗಳು ಕಂಕುಳಿನವರೆಗೆ ಬರಬೇಕು. ನೆಲದಿಂದ ಒಂದೆರಡು ಅಂಗುಲ ಮೇಲೆದ್ದರೆ ಸಾಕು. ಪಾದದ ಮುಂಭಾಗದ ಮೇಲೆ, ಮಂಡಿ ತುಸು ಬಾಗಿಸಿ ಇಳಿಯಿರಿ. ತೋಳನ್ನಲ್ಲ, ಮಣಿಕಟ್ಟನ್ನು ತಿರುಗಿಸಿ. ಟೈಲ್ಸಿನ ಮೇಲೆ ಬರಿಗಾಲಲ್ಲಿ ಬೇಡ, ಶೂ ಇರಲಿ. ನೈಟಿ ಹಾಕಿ ಜಿಗಿದರೆ ಹಗ್ಗ ಸಿಕ್ಕಿ ಮುಗ್ಗರಿಸುವುದು ಖಂಡಿತ, ಅದನ್ನು ಅನುಭವದಿಂದ ಹೇಳುತ್ತಿದ್ದೇನೆ. ಸಲ್ವಾರ್ ಧರಿಸಿ, ದುಪಟ್ಟಾ ತೆಗೆದಿಡಿ.

ಗರ್ಭಿಣಿಯರು, ಬಾಣಂತಿಯರು, ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಮಂಡಿ ಅಥವಾ ಬೆನ್ನುನೋವು ಇರುವವರು, ಮೂಳೆ ಈಗಾಗಲೇ ಸವೆದವರು ವೈದ್ಯರನ್ನು ಕೇಳದೆ ಜಿಗಿಯಬಾರದು. ನಡಿಗೆಯೇ ಅವರಿಗೆ ಕ್ಷೇಮ. ಮತ್ತೊಂದು ವಿಷಯ. ಹೆರಿಗೆಯಾದ ಅನೇಕ ಸಹೋದರಿಯರಿಗೆ ಜಿಗಿದಾಗ, ಕೆಮ್ಮಿದಾಗ ಮೂತ್ರ ಸೋರುತ್ತದೆ. ವುಝೂ ಹೋಯಿತೆಂಬ ಚಿಂತೆ ಬೇರೆ. ನಾಚಿಕೆಯಿಂದ ಯಾರಲ್ಲೂ ಹೇಳುವುದಿಲ್ಲ. ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಸಡಿಲವಾದಾಗ ಹೀಗಾಗುತ್ತದೆ. ಅವುಗಳನ್ನು ಬಿಗಿಹಿಡಿದು ಬಿಡುವ ಸರಳ ವ್ಯಾಯಾಮವಿದೆ. ವೈದ್ಯೆಯ ಬಳಿ ಕೇಳಿ ಕಲಿಯಿರಿ. ಹಗ್ಗ ಆಮೇಲೆ ಬರಲಿ.

ಆ ಹುಡುಗಿಯ ತಾಯಿಯನ್ನು ಕರೆದು ಇದನ್ನೆಲ್ಲ ಹೇಳಿದೆ. ಪೂರ್ತಿ ಒಪ್ಪಲಿಲ್ಲ. "ಅಂಗಳದಲ್ಲಿ ಬೇಡ, ಮನೆಯಲ್ಲಾದರೆ ಆಡಲಿ" ಎಂದರು. ಸದ್ಯಕ್ಕೆ ಅಷ್ಟಾಯಿತು.

ನಮ್ಮ ಮನೆಯಲ್ಲಿ ಅಸರ್ ನಮಾಝಿನ ನಂತರ ನಾನು, ಮಗಳು ಟೆರೇಸಿಗೆ ಹೋಗುತ್ತೇವೆ. ಅವಳದ್ದು ಇನ್ನೂರು ದಾಟುತ್ತದೆ. ನನ್ನದು ಮೂವತ್ತೊಂದಕ್ಕೆ ಬಂದು ನಿಂತಿದೆ. ಎಣಿಸುವವಳು ಅವಳೇ. ಹಗ್ಗ ಕಾಲಿಗೆ ತಗಲಿದ್ದನ್ನು ಸುಮ್ಮನೆ ಬಿಡುವವಳಲ್ಲ.